ರತೀಶನ್ ಗೇಟ್‌ವೇ ಮುಚ್ಚಿದ ದಿನ

ಇಷ್ಟಕ್ಕೆಲ್ಲ ಕಾರಣ ಒಂದು ಊಟದ ಮೇಜು. ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಆಫೀಸಿನಲ್ಲಿ ಆ ಮೇಜಿತ್ತು. ಒಂದು ಕಾಲದಲ್ಲಿ ಅದರ ಸುತ್ತ ಕೂರಲು ಜಾಗ ಸಾಲದೆ ಜನ ಕಿಟಕಿ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು. ಈಗ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ರತೀಶನ್ ಒಬ್ಬನೇ ಉಣ್ಣುತ್ತಿದ್ದ.

ತಪ್ಪು ಅವನದೇ. ಆಫೀಸಿನ ಕಂಪ್ಯೂಟರ್‌ಗಳಲ್ಲಿದ್ದುದನ್ನೆಲ್ಲ ಕ್ಲೌಡ್ ಸರ್ವರ್‌ಗೆ ಏರಿಸಿ, ಎಲ್ಲರೂ ಮನೆಯಿಂದಲೇ ಅದರೊಳಗೆ ಹೋಗಲಿ ಅಂತ ಗೇಟ್‌ವೇ ಎಂಬ ಇಂಟರ್‌ನೆಟ್ ಬಾಗಿಲು ಕಟ್ಟಿದವನು ಅವನೇ. ಕಟ್ಟಿದ್ದು ಎಷ್ಟು ಚೆನ್ನಾಗಿತ್ತೆಂದರೆ ಮಾರನೇ ವಾರದಿಂದ ಒಂದು ನರಪಿಳ್ಳೆಯೂ ಆಫೀಸಿನ ಕಡೆ ತಲೆ ಹಾಕಲಿಲ್ಲ. ಇಂಟರ್‌ನೆಟ್ ಲೈನು, ಬ್ಯಾಟರಿ ಕಾಯಲು ಒಬ್ಬ ಇರಲೇಬೇಕಲ್ಲ, ಆ ಒಬ್ಬ ರತೀಶನ್. ನೀರಿನಾಚೆ ವೈಪಿನ್‌ನಲ್ಲಿ ಅವನ ಮನೆಯಲ್ಲೂ ಅವನೊಬ್ಬನೇ. ದಿನವಿಡೀ ಅವನ ಕಿವಿಗೆ ಬೀಳುತ್ತಿದ್ದ ಮನುಷ್ಯರ ಮಾತು ಒಂದೇ: ಕನೆಕ್ಟ್ ಆಗ್ತಿಲ್ಲ. ನಿಜ ಹೇಳಬೇಕೆಂದರೆ ಆ ಮಾತಿಗೂ ಅವನು ಕಾದು ಕೂರುತ್ತಿದ್ದ.

ಓಣಂ ಹತ್ತಿರ ಬಂತು. ಅಕೌಂಟ್ಸಿನ ಅಂಬಿಳಿ ಚೇಚಿ, ಅಂದರೆ ಅಂಬಿಳಿ ಅಕ್ಕ, ಗ್ರೂಪಿನಲ್ಲಿ ಎಲ್ಲರಿಗೂ ಪಾಯಸದ ಚಿತ್ರ ಕಳಿಸಿದರು. ರತೀಶನ್ ಆ ಚಿತ್ರ ನೋಡುತ್ತಾ ತಣ್ಣಗಾದ ಅನ್ನ ಕಲಸಿದ. ಅವನಿಗೆ ರೇಗಿಹೋಯಿತು.

ಮಾರನೇ ಬೆಳಿಗ್ಗೆ ಮನೆಯಲ್ಲೇ ಕೂತು ಗೇಟ್‌ವೇಯ ಬಾಗಿಲು ಹೊರಗಿನವರಿಗೆಲ್ಲ ಮುಚ್ಚಿದ. ಆಫೀಸಿನಿಂದ ಸರ್ವರ್‌ಗೆ ಬೇರೆಯೇ ನೇರ ಲೈನಿತ್ತು, ಅದಕ್ಕೇನೂ ಮಾಡಲಿಲ್ಲ. ಗೇಟ್‌ವೇಗೆ ಮೈ ಸರಿಯಿಲ್ಲ, ಇವತ್ತೊಂದು ದಿನ ಎಲ್ಲರೂ ದಯವಿಟ್ಟು ಆಫೀಸಿಗೆ ಬನ್ನಿ ಅಂತ ಗ್ರೂಪಿನಲ್ಲಿ ಬರೆದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬೋಟು ಹತ್ತಿದ.

ಬಂದರು ನೋಡಿ! ಬೈದುಕೊಂಡೇ ಬಂದರು, ಆದರೆ ಬಂದರು. ಅಂಬಿಳಿ ಚೇಚಿ ಎರಡು ಡಬ್ಬಿ ಮೀನು ಸಾರು, ಒಂದು ದೊಡ್ಡ ಪಾತ್ರೆ ತುಂಬ ಹಾಲು-ಅಕ್ಕಿಯ ಪಾಲಡ ಪಾಯಸ ತಂದಿದ್ದರು. ದಪ್ಪಗಾಗಿದ್ದೀ, ಬೋಳಾಗಿದ್ದೀ ಅಂತ ಒಬ್ಬರನ್ನೊಬ್ಬರು ರೇಗಿಸುತ್ತಲೇ ಚುರುಕಾಗಿ ಕೆಲಸ ಮಾಡಿದರು. ಚೇಚಿ ರತೀಶನ್‌ನ ಕೆನ್ನೆ ನೋಡಿ, "ಏನೋ, ಹೀಗೆ ಬತ್ತಿಹೋಗಿದ್ದೀಯಲ್ಲ. ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತ್ಕೋ, ನಾನು ಬಡಿಸ್ತೀನಿ" ಅಂದರು. ಅವನು ಕಣ್ಣಿಗೆ ಏನೋ ಬಿತ್ತು ಅಂತ ಆ ಕಡೆ ತಿರುಗಿಕೊಂಡ.

ಎಲೆ ಹಾಸುವ ಹೊತ್ತಿಗೆ ಮಾಲೀಕ ಕುರುವಿಳ ಸಾರ್ ಕೋಣೆಯಿಂದ ಹೊರಗೆ ಬಂದರು. ಷಾರ್ಜಾ ಬ್ರಾಂಚಿನವರು ಒಳಗೆ ಬರಲಾಗದೆ ಒದ್ದಾಡುತ್ತಿದ್ದಾರೆ, ಅಲ್ಲೊಂದು ಹಡಗು ಕಾಗದಕ್ಕಾಗಿ ನಿಂತಿದೆ ಅಂದರು. ಅದೇ ಗೇಟ್‌ವೇ ಬಳಸುತ್ತಿದ್ದ ಷಾರ್ಜಾದವರನ್ನು ರತೀಶನ್ ಮರೆತೇಬಿಟ್ಟಿದ್ದ. ಅವರಿಗೇನು ಬೋಟು ಹತ್ತಿ ಬರಲು ಆಗುತ್ತದೆಯೇ?

ಒಂದು ನಿಮಿಷದ ಕೆಲಸ ಸಾರ್ ಅಂತ ಕೂತ. ಗೇಟ್‌ವೇ ಅವನಿಗೆ ಬೀಗ ಮುಟ್ಟಲೇ ಬಿಡಲಿಲ್ಲ. ಆಗ ನೆನಪಾಯಿತು. ಕಳ್ಳಕಾಕರ ಭಯಕ್ಕೆ, ಗೇಟ್‌ವೇಯ ಬೀಗ ಮುಟ್ಟುವ ಹಕ್ಕನ್ನು ಒಂದೇ ವಿಳಾಸಕ್ಕೆ ಕೊಟ್ಟಿದ್ದ. ಆ ವಿಳಾಸ ಅವನ ಮನೆಯ ಇಂಟರ್‌ನೆಟ್ಟಿನದು.

ಹಪ್ಪಳ ಕರಿಯುವ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ, ಇದನ್ನು ಮನೆಯಿಂದಲೇ ತೆಗೀಬೇಕು ಸಾರ್ ಅಂತ ಹೇಳಿ ರತೀಶನ್ ಮೆಟ್ಟಿಲಿಳಿದು ಓಡಿದ. ಜೆಟ್ಟಿಯಲ್ಲಿ ಬೋಟು ಆಗಷ್ಟೇ ಬಿಟ್ಟಿತ್ತು. ಮುಂದಿನ ಬೋಟು ಹಿಡಿದು ಮನೆ ಸೇರಿದರೆ ಕರೆಂಟಿಲ್ಲ. ಪಕ್ಕದ ಮನೆಯ ತ್ರೇಸ್ಯಾ ಚೇಚಿಯನ್ನು ಅಂಗಲಾಚಿ, ಅವರ ಇನ್ವರ್ಟರಿನಿಂದ ಗೋಡೆಯ ಮೇಲೆ ವೈರು ಎಳೆದ. ಹೊತ್ತಲ್ಲದ ಹೊತ್ತಿನಲ್ಲಿ ಯಾಕೆ ಬಂದೆ, ಕೆಲಸದಿಂದ ತೆಗೆದರಾ ಅಂತ ಆಕೆ ಕಿಟಕಿಯಲ್ಲಿ ನಿಂತು ಕೇಳುತ್ತಲೇ ಇದ್ದರು. ಇಲ್ಲ ಅಂತ ಅವನು ಹೇಳಿದರೂ, ನನ್ನ ಹತ್ತಿರ ಮುಚ್ಚಿಡಬೇಡ ಮಗನೇ, ನಾನು ಯಾರಿಗೂ ಹೇಳೋದಿಲ್ಲ ಅಂತ ಸಮಾಧಾನ ಹೇಳಿದರು. ಅವನು ಗೇಟ್‌ವೇ ತೆರೆಯುವಷ್ಟರಲ್ಲಿ ಓಣಿಯ ಇಬ್ಬರು ಬಂದು ಧೈರ್ಯ ತುಂಬಿ ಹೋಗಿದ್ದರು.

ಷಾರ್ಜಾದವರು ಒಳಗೆ ಬಂದರು. ಹಡಗು ಹೊರಟಿತು. ಈಗ ಓಡಿದರೆ ಪಾಯಸಕ್ಕಾದರೂ ಸಿಕ್ಕೇನು ಅಂತ ರತೀಶನ್ ಚಪ್ಪಲಿ ಮೆಟ್ಟುತ್ತಿದ್ದಾಗ ಕುರುವಿಳ ಸಾರ್ ಫೋನು ಬಂತು. ಅವರ ಹಿಂದೆ ನಗು, ಹಾಡು, ಕುರ್ಚಿ ಎಳೆಯುವ ಸದ್ದು.

"ರತೀಶಾ, ಇವತ್ತು ಆಫೀಸು ಆಫೀಸಿನ ಹಾಗಿದೆ ಕಣೋ. ವಾರದ ಕೆಲಸ ಅರ್ಧ ದಿನಕ್ಕೆ ಮುಗಿಸಿದ್ದಾರೆ. ಎಲ್ಲರನ್ನೂ ಕೇಳಿದೆ, ಒಪ್ಪಿದ್ದಾರೆ. ನಾಳೆಯಿಂದ ಎಲ್ಲರೂ ಇಲ್ಲಿಗೇ ಬರ್ತಾರೆ."

ರತೀಶನ್‌ಗೆ ಎದೆ ತುಂಬಿ ಬಂತು. ನಾಳೆ ಬೇಗ ಬಂದು ಮೇಜು ಒರೆಸಿಡ್ತೀನಿ ಸಾರ್ ಅಂದ.

"ನೀನು ಯಾಕೆ ಬರ್ತೀಯಾ? ಇನ್ನು ಗೇಟ್‌ವೇ ಬೇಕಿರೋದು ಷಾರ್ಜಾದವರಿಗೆ ಮಾತ್ರ. ಅದರ ಬೀಗ ನಿನ್ನ ಮನೆಯಿಂದಲೇ ತೆಗೀಬೇಕಂತೆ. ನೀನು ಮನೇಲೇ ಕೂತು ಕಾಯಿ."

ಆ ಬೀಗವನ್ನು ಆಫೀಸಿನ ವಿಳಾಸಕ್ಕೇ ಹಾಕಿಕೊಡ್ತೀನಿ ಸಾರ್, ಐದು ನಿಮಿಷ ಸಾಕು ಅಂತ ರತೀಶನ್ ಬೇಡಿಕೊಂಡ.

"ಬೇಡಪ್ಪಾ. ಸರಿಯಾಗಿ ನಡೀತಿರೋದನ್ನ ಮತ್ತೆ ಮುಟ್ಬೇಡ."

ಅಷ್ಟರಲ್ಲಿ ಅತ್ತ ಕಡೆಯಿಂದ ಅಂಬಿಳಿ ಚೇಚಿಯ ದನಿ ಕೇಳಿಸಿತು. ತಳದಲ್ಲಿ ಒಂದೇ ಲೋಟ ಪಾಯಸ ಉಳಿದಿದೆ, ಯಾರಾದರೂ ಊಟ ಮಾಡದೆ ಇದ್ದೀರಾ ಅಂತ ಅವರು ಕೇಳುತ್ತಿದ್ದರು. ಇಲ್ಲ ಚೇಚಿ, ಎಲ್ಲರದ್ದೂ ಆಯ್ತು ಅಂತ ನಾಲ್ಕೈದು ಜನ ಒಟ್ಟಿಗೆ ಹೇಳಿದರು.