ಇಳಿಜಾರು ನೋಡಿ ನಿಲ್ಲಿಸುವ ಗಾಡಿ

ಸೈನ್ಯ ಸಾಕೆಂದು ಬಿಟ್ಟ ಟ್ರಕ್ಕುಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ಯಾರಿಗೂ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡೇ ನಗುವುದು ನಮ್ಮ ರೂಢಿ. ಕೆಲವೊಮ್ಮೆ ಅಷ್ಟು ಕಾಯಲು ಆಗುವುದಿಲ್ಲ.

೧. ಕೈಪಿಡಿ

ನನ್ನ ಶೆಡ್ಡು ವಾಡಿಯಲ್ಲಿದೆ. ಶಹಾಬಾದಿನ ಕಲ್ಲುಗಣಿಯ ಸಾವ್ಕಾರರೊಬ್ಬರು ಹರಾಜಿನಲ್ಲಿ ಹಿಡಿದ ಡೀಸೆಲ್ ಟ್ರಕ್ಕು ನನಗಿಂತ ನಾಲ್ಕೈದು ವರ್ಷ ಚಿಕ್ಕದು. ಅದರ ಸೀಟಿನ ಕೆಳಗೆ ಒಂದು ಕೈಪಿಡಿ ಸಿಕ್ಕಿತು. ಕೈಗೆ ಸಿಕ್ಕಿದ್ದನ್ನು ಓದುವ ಚಟ ನನಗೆ. ಹಿಮದಲ್ಲಿ ಇಂಜಿನ್ ಕಾಯಿಸುವುದು, ಹೊಳೆ ದಾಟಿಸುವುದು ಎಲ್ಲ ಇತ್ತು. ಕೊನೆಯ ಅಧ್ಯಾಯ, ಶತ್ರುವಿನ ಕೈಗೆ ಸಿಗುವ ಮುಂಚೆ ಗಾಡಿಯನ್ನು ಹಾಳುಗೆಡವುವ ಬಗೆ: ಆಯಿಲ್ ಇಲ್ಲದೆ ಓಡಿಸಿ, ನೀರಿಲ್ಲದೆ ಓಡಿಸಿ, ಹೀಗೆ.

ಗಾಡಿಯ ಈಗಿನ ಡ್ರೈವರ್‌ಗೆ ಓದಿ ಹೇಳಿದೆ. ಅವನು ದಂಡೋತಿಯವನು.

"ಇದನ್ನ ಸಾವ್ಕಾರ್ರಿಗೆ ತೋರಸಬ್ಯಾಡ್ರಿ ಮಿಸ್ತ್ರಿ. ಅವ್ರು ಓದಲಾರದೇ ಇಷ್ಟು ಮಾಡಾಕತ್ತಾರ."

೨. ಕೆಟ್ಟ ಚಹಾ

ಗಾಡಿಯ ಸೆಲ್ಫ್ ಸ್ಟಾರ್ಟರ್ ಸತ್ತಿತ್ತು. ಉರುಳಿದರೆ ಮಾತ್ರ ಚಾಲೂ ಆಗುತ್ತಿತ್ತು. ಆದ್ದರಿಂದ ಎಲ್ಲಿ ನಿಂತರೂ ಇಳಿಜಾರಿನಲ್ಲೇ ನಿಲ್ಲಬೇಕು, ಗಾಲಿಗೆ ಕಲ್ಲು ಹಚ್ಚಬೇಕು.

ಹಿಂದಿನ ಡ್ರೈವರ್ ಗಣಿಯಲ್ಲಿ ಕೈಗೆ ಸಿಕ್ಕ ಫರ್ಸಿ ಕಲ್ಲನ್ನೇ ಹಚ್ಚುತ್ತಿದ್ದ. ಫರ್ಸಿ ಪದರು ಪದರಾಗಿ ಬಿಡುವ ಕಲ್ಲು. ಒಂದು ದಿನ ಅವನು ಮುಂದೆ ನಿಂತು ಗಾಜು ಒರೆಸುವಾಗ ಅದು ಪದರು ಬಿಟ್ಟಿತು, ಗಾಡಿ ಉರುಳಿತು. ಜಾಕ್ ಹಚ್ಚಿ ಗಾಡಿ ಎತ್ತಿದವನು ನಾನು. ಎಡಗಾಲು ಉಳಿಯಲಿಲ್ಲ. ಈಗ ಅವನು ವಾಡಿಯಲ್ಲಿ ಇಳಿಜಾರು ರಸ್ತೆಯ ಪಕ್ಕ ಚಹಾ ಅಂಗಡಿ ಇಟ್ಟಿದ್ದಾನೆ.

ಅವನ ಜಾಗಕ್ಕೆ ಬಂದ ದಂಡೋತಿಯವನು ಚಿಂಚೋಳಿ ಕಡೆಯಿಂದ ಒಂದು ಕರಿಕಲ್ಲು ತಂದು, ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡೇ ಓಡಾಡುತ್ತಾನೆ. ಚಹಾ ಕುಡಿಯುವುದು ಹಳೆಯ ಡ್ರೈವರ್‌ನ ಅಂಗಡಿಯಲ್ಲೇ.

"ಕಲ್ಲು ಹಚ್ಚೀದಿ?" ಚಹಾದವನ ಮೊದಲ ಮಾತು ಯಾವಾಗಲೂ ಇದೇ.

"ಹಚ್ಚೀನಿ ಕಾಕಾ."

"ಚಹಾ ಹೆಂಗದ?"

"ಚಹಾದ ಮಾತು ಬಿಡು ಕಾಕಾ. ಇಳುಕಲು ಭಾಳ ಛಲೋ ಅದ."

೩. ಬ್ರೇಕು

ಮೂರು ಸಲ ಒತ್ತಿದರೆ ಒಂದು ಸಲ ಹಿಡಿಯುತ್ತಿತ್ತು. ಒಬ್ಬನ ಕಾಲು ಹೋದ ಮೇಲೂ ಸಾವ್ಕಾರರು ಸಾಮಾನು ತರಿಸಲಿಲ್ಲ. ನಾನು ಮತ್ತೆ ಕೇಳಿದೆ.

"ಮಿಲಿಟರಿ ಗಾಡಿ ಅದ ಮಿಸ್ತ್ರಿ," ಅಂದರು. "ಮುಂದ ಹೋಗ್ಲಿಕ್ಕೇ ಮಾಡ್ಯಾರ. ನಿಂದರಲಿಕ್ಕ ಅಲ್ಲ."

ಅವರು ಹೋದ ಮೇಲೆ ಡ್ರೈವರ್ ಹೇಳಿದ: "ಬ್ರೇಕ್ ಆತೇನು ಅಂತ ಮನಿಯಾಕಿ ದಿನಾ ಕೇಳ್ತಾಳ್ರಿ. ಆಗ್ಯಾದ ಅಂತ ಹೇಳೀನಿ. ಆಕಿ ಆರಾಮ ಮಲಗ್ತಾಳ. ಎಚ್ಚರ ಇರಲಿಕ್ಕ ನಾ ಇದ್ದೀನಲ್ಲ."

೪. ಸಪಾಟು ನೆಲ

ಡೀಸೆಲ್ ಸೋರುತ್ತಿದೆಯೆಂದು ಗಾಡಿ ನನ್ನಲ್ಲಿಗೆ ಬಂತು. ಮರುದಿನ ಕಲ್ಲು ತುಂಬಿಕೊಂಡು ಚಿಂಚೋಳಿ ಕಡೆಯ ಗುಡ್ಡದ ರಸ್ತೆಗೆ ಹೋಗಬೇಕೆಂದು ಸಾವ್ಕಾರರ ಹುಕುಂ. ಡ್ರೈವರ್ ಕೂತು ಕರಿಕಲ್ಲನ್ನು ಅರಿವೆಯಿಂದ ಒರೆಸುತ್ತಿದ್ದ. ಆ ರಸ್ತೆಯಲ್ಲಿ ಲೋಡು ಹೊತ್ತ ಗಾಡಿಯನ್ನು ತಡೆಯುವ ಕಲ್ಲು ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸೋರಿಕೆ ನಿಲ್ಲಿಸಿದೆ. ಇಂಜಿನ್ ಚಾಲೂ ಇರುವಾಗಲೇ ಗಾಡಿಯನ್ನು ಶೆಡ್ಡಿನ ಹಿಂದಿನ ಸಪಾಟು ನೆಲಕ್ಕೆ ತಂದು ಬಂದ್ ಮಾಡಿದೆ. ನಾನು ಮಾಡಿದ ಪ್ರತಿಭಟನೆ ಅಷ್ಟೇ.

ಬೆಳಿಗ್ಗೆ ಸಾವ್ಕಾರರು ಹೊಸ ಜೀಪಿನಲ್ಲಿ ಬಂದರು. ಗಣಿಯ ಎಂಟು ಆಳುಗಳು ನೂಕಿದರು. ಗಾಡಿ ಅಲುಗಲಿಲ್ಲ.

"ಇಂಥಾ ಜಾಗಾದಾಗ ಯಾರು ನಿಂದ್ರಿಸಿದ್ರು?"

"ನಾನೇ. ಬ್ರೇಕ್ ಇಲ್ಲದ ಗಾಡಿ ಸಪಾಟಿನಾಗೇ ಇರ್ಲಿ," ಅಂದೆ.

ಅವರು ಜೀಪಿನ ಹಿಂದೆ ಸರಪಳಿ ಕಟ್ಟಿಸಿ, ಡ್ರೈವರ್‌ನನ್ನು ಟ್ರಕ್ಕಿಗೆ ಹತ್ತಿಸಿ, ತಾವೇ ಜೀಪಿನಲ್ಲಿ ಕೂತು ಎಳೆದರು. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಟ್ರಕ್ಕು ಕೆಮ್ಮಿ ಚಾಲೂ ಆಯಿತು. ಸಾವ್ಕಾರರಿಗೆ ಖುಷಿ. ಹಿಂತಿರುಗಿ ಕೈ ಎತ್ತಿ, ಜೀಪಿನ ಬ್ರೇಕ್ ಒತ್ತಿದರು.

ಜೀಪು ನಿಂತಿತು.

ಡ್ರೈವರ್ ಮೂರು ಸಲ ಒತ್ತಿದ್ದು ನನಗೆ ಕಂಡಿತು. ಟ್ರಕ್ಕು ಗುದ್ದಿ ಜೀಪಿನ ಹಿಂಭಾಗ ಸೀಟಿನವರೆಗೆ ಬಂತು. ಸಾವ್ಕಾರರು ಪೆಟ್ಟಿಲ್ಲದೆ ಇಳಿದರು. ನಾನು ಅದನ್ನು ಖಾತ್ರಿ ಮಾಡಿಕೊಂಡೆ.

"ಯಾಕ ನಿಂದ್ರಿಸಲಿಲ್ಲಲೇ!"

ಡ್ರೈವರ್‌ನ ಕೈ ಸ್ಟೇರಿಂಗ್ ಬಿಟ್ಟಿರಲಿಲ್ಲ. "ಮುಂದ ಹೋಗ್ಲಿಕ್ಕೇ ಮಾಡ್ಯಾರ ಅಂತ ನೀವೇ ಹೇಳಿದ್ರಲ್ರಿ," ಅಂದ.

ಮೂರೇ ದಿನದಲ್ಲಿ ಬ್ರೇಕಿನ ಸಾಮಾನು ಬಂತು. ಹಾಕಿ ಮುಗಿಸಿ, ಡ್ರೈವರ್ ಮತ್ತು ನಾನು ಚಹಾಕ್ಕೆ ಹೋದೆವು. ಅವನು ರೂಢಿಯಂತೆ ಕಲ್ಲು ಹಚ್ಚಿ ಬಂದು ನಡೆದದ್ದನ್ನೆಲ್ಲ ಹೇಳಿದ. ಚಹಾದವನು ಊರುಗೋಲಿಗೆ ಆತು ನಿಂತು ಪೂರಾ ಕೇಳಿದ.

"ತಪ್ಪು ನಂದೇ ಬಿಡ್ರಿ ಮಿಸ್ತ್ರಿ," ಅಂದ. "ಆವತ್ತ ಗಾಡಿ ಮುಂದ ನಾ ನಿಂದ್ರಬಾರದಿತ್ತು. ಸಾವ್ಕಾರ್ರ ಜೀಪು ನಿಂದ್ರಿಸಬೇಕಾಗಿತ್ತು."