ಹೋಟೆಲಿನ ಚಾವಣಿ ಸೇರಿರುವ ನನ್ನ ವಿಗ್ಗಿನ ವಿಚಾರ

ಇಂದ:
ಹೆಡ್ಲಿ ಗಾರ್ಸೈಡ್,
ನಿವೃತ್ತ ಬಸ್ ಚಾಲಕ,
ಚಾಪೆಲ್ ಓಣಿ, ಕೆಟಲ್‌ವಿಕ್, ಯಾರ್ಕ್‌ಷೈರ್ ಕರಾವಳಿ.

ಗೆ:
ಕಾರ್ಯದರ್ಶಿಗಳು,
ಬಂದರು ಸಮಿತಿ, ಕೆಟಲ್‌ವಿಕ್.

ವಿಷಯ: ಓಟ್ಸ್ ಮೀನು-ಚಿಪ್ಸ್ ಹೋಟೆಲಿನ ಚಾವಣಿಯ ಮೇಲಿರುವ ವಿಗ್ಗನ್ನು (ಇನ್ನು ಮುಂದೆ ‘ಸದರಿ ವಸ್ತು’) ತೆಗೆಯುವ ಅಥವಾ ತೆಗೆಯದಿರುವ ಬಗ್ಗೆ.

ಉಲ್ಲೇಖ:
೧. ಸದರಿ ವಸ್ತುವನ್ನು ಕೂಡಲೇ ತೆರವುಗೊಳಿಸತಕ್ಕದ್ದೆಂದು ತಮ್ಮ ಸ್ವಚ್ಛತಾ ವಿಭಾಗದ ನೋಟಿಸು.
೨. ಸದರಿ ವಸ್ತುವನ್ನು ಮುಟ್ಟಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದೆಂದು ತಮ್ಮ ಪಕ್ಷಿ ವಿಭಾಗದ ನೋಟಿಸು.
(ಎರಡೂ ಒಂದೇ ಲಕೋಟೆಯಲ್ಲಿ ಬಂದಿವೆ.)

ಮಾನ್ಯರೇ,

ಎರಡೂ ನೋಟಿಸುಗಳಿಗೆ ನಾನು ವಿಧೇಯನಾಗಿರುತ್ತೇನೆ. ಆದರೆ ಎರಡಕ್ಕೂ ಒಟ್ಟಿಗೇ ವಿಧೇಯನಾಗುವ ಬಗೆ ತಿಳಿಯದ ಕಾರಣ, ನಡೆದದ್ದನ್ನು ನಡೆದಂತೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

೧. ಏಪ್ರಿಲ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ನಾನು ಶ್ರೀಮತಿ ಮ್ಯೂರಿಯೆಲ್ ಲಂಬ್ ಅವರನ್ನು ಓಟ್ಸ್ ಹೋಟೆಲಿಗೆ ಊಟಕ್ಕೆ ಕರೆದಿದ್ದೆ. ಸದರಿಯವರು ವಿಧವೆ, ಉಣ್ಣೆ ನೂಲಿನ ಅಂಗಡಿ ಇಟ್ಟಿದ್ದಾರೆ, ನನ್ನ ಬಸ್ಸಿನಲ್ಲಿ ವರ್ಷಗಟ್ಟಲೆ ನನ್ನ ಬೆನ್ನ ಹಿಂದಿನ ಸೀಟಿನಲ್ಲೇ ಓಡಾಡಿದವರು. ಚಳಿಗಾಲವಿಡೀ ಧೈರ್ಯ ಕೂಡಿಸಿಕೊಂಡು ಕರೆದಿದ್ದೆನಾದ ಕಾರಣ, ಸದರಿ ವಸ್ತುವನ್ನು ಹೊಸದಾಗಿ ಬಾಚಿ ತಲೆಯ ಮೇಲೆ ಧರಿಸಿದ್ದೆ.

೨. ಗಾಳಿ ಬಲವಾಗಿದ್ದುದರಿಂದ ಒಳಗೆ ಕೂರೋಣವೆಂದೆ. ಸಮುದ್ರ ಕಾಣದಿದ್ದರೆ ಮೀನು ರುಚಿಸುವುದಿಲ್ಲವೆಂದು ಮ್ಯೂರಿಯೆಲ್ ಹೊರಗಿನ ಮೇಜೇ ಬೇಕೆಂದರು. ಮಾಲೀಕ ಸಿರಿಲ್ ಓಟ್ಸ್ ತಾನೇ ತಟ್ಟೆಗಳನ್ನು ತಂದಿಟ್ಟು, ಚಿಮಣಿಯ ಮೇಲೆ ಕೂತಿದ್ದ ಕಡಲಕ್ಕಿಯನ್ನು ತೋರಿಸಿ, ಅದು ಬಸುರಿ, ಅದರ ಹಸಿವಿಗೆ ಹೊತ್ತುಗೊತ್ತಿಲ್ಲ, ತಟ್ಟೆ ಕಾಯ್ದುಕೋ ಎಂದು ಎಚ್ಚರಿಸಿದ.

೩. ಹ್ಯಾಡಕ್ ಮೀನು ಗರಿಗರಿಯಾಗಿತ್ತು. ಚಿಪ್ಸ್ ಮೇಲೆ ವಿನಿಗರ್ ಚಿಮುಕಿಸಿ, ಗಂಟಲು ಸರಿಮಾಡಿಕೊಂಡು, ‘ಮ್ಯೂರಿಯೆಲ್, ಬಹಳ ದಿನದಿಂದ ನಿನ್ನನ್ನೊಂದು ಮಾತು ಕೇಳಬೇಕು ಅಂತ’ ಎನ್ನುವಷ್ಟರಲ್ಲಿ ಕಡಲಕ್ಕಿ ಎರಗಿತು. ಸಿರಿಲ್‌ನ ಸಲಹೆಯಂತೆ ನಾನು ಎರಡೂ ಕೈಗಳಿಂದ ತಟ್ಟೆಯನ್ನು ಮುಚ್ಚಿಕೊಂಡೆ. ಆದ್ದರಿಂದ ಮೀನು ಉಳಿಯಿತು. ಅದೇ ಕಾರಣದಿಂದ ತಲೆಗೆ ಕಾವಲಿಲ್ಲದಂತಾಯಿತು.

೪. ಸದರಿ ವಸ್ತು ಚಾವಣಿ ಸೇರಿದಾಗ ಹೊರಗಿನ ಮೇಜುಗಳವರೆಲ್ಲ ಚಿಪ್ಸ್ ಅಗಿಯುವುದನ್ನು ನಿಲ್ಲಿಸಿದರು. ನಾನು ತಲೆಯ ಮೇಲೆ ಕಾಗದದ ಕರವಸ್ತ್ರ ಹೊದ್ದು ಮನೆಗೆ ಹೊರಟೆ. ಮ್ಯೂರಿಯೆಲ್ ನನ್ನ ತೋಳು ಹಿಡಿದರು.

‘ಕೂತ್ಕೊ ಹೆಡ್ಲಿ. ಮೀನು ಆರೋಗತ್ತೆ.’

ಬೋಳುತಲೆಯನ್ನು ಇದುವರೆಗೆ ಅವರಿಂದ ಮುಚ್ಚಿಟ್ಟಿದ್ದಕ್ಕೆ ಕ್ಷಮಿಸಬೇಕೆಂದೆ.

‘ಮುಚ್ಚಿಟ್ಟಿದ್ದಾ? ನಿನ್ನ ಹಿಂದಿನ ಸೀಟಲ್ಲಿ ಕೂತು ಬಂದೋಳು ನಾನು. ನೀನು ಕಿಟಕಿ ತೆಗೆದಾಗೆಲ್ಲ ಅದು ಒಂದ್ ಕಡೆಯಿಂದ ಎದ್ದು ನಂಗೆ ನಮಸ್ಕಾರ ಮಾಡೋದು. ಸೂಜಿದಾರ ತಂದು ಹೊಲ್ದುಬಿಡ್ಲಾ ಅನ್ಸೋದು ಕಣೋ.’

ಬಾಗಿಲಲ್ಲಿದ್ದ ಸಿರಿಲ್ ದನಿಗೂಡಿಸಿದ: ‘ಊರಿಗೇ ಗೊತ್ತು ಮಾರಾಯ. ನಿಂಗೆ ಗೊತ್ತಾದ್ರೆ ಬೇಜಾರಾಗತ್ತೆ ಅಂತ ಸುಮ್ನಿದ್ವಿ.’

ಹೀಗೆ ನನ್ನ ಗುಟ್ಟನ್ನು ಇಡೀ ಊರು ನನ್ನೊಬ್ಬನಿಂದ ಮಾತ್ರ ಮುಚ್ಚಿಟ್ಟಿತ್ತೆಂಬುದನ್ನು ಸಮಿತಿಯು ದಾಖಲಿಸಿಕೊಳ್ಳಬೇಕು. ಮ್ಯೂರಿಯೆಲ್ ನನ್ನ ತಲೆಯ ಮೇಲಿನ ಕರವಸ್ತ್ರವನ್ನು ತೆಗೆದು ತಮ್ಮ ಬೆರಳಿನ ಎಣ್ಣೆ ಒರೆಸಿಕೊಂಡು ಊಟ ಮುಂದುವರಿಸಿದರು. ಗಾಳಿ ತಂಪಾಗಿತ್ತು. ನೆತ್ತಿಗೆ ಗಾಳಿ ತಾಗಿದರೆ ಹೇಗಿರುತ್ತದೆಂಬುದು ನನಗೆ ಮರೆತೇಹೋಗಿತ್ತು.

೫. ಅನಂತರ ಸದರಿ ಹಕ್ಕಿಯು ಸದರಿ ವಸ್ತುವಿನಲ್ಲಿ ಮೊಟ್ಟೆ ಇಟ್ಟಿತು. ತಮ್ಮ ಸ್ವಚ್ಛತಾ ಅಧಿಕಾರಿ ಅದು ಕಸವೆಂದು ಏಣಿ ಹತ್ತಿದರು. ತಮ್ಮ ಪಕ್ಷಿ ಅಧಿಕಾರಿ ಅದು ಗೂಡೆಂದು ಅವರನ್ನು ಕೆಳಗಿಳಿಸಿದರು. ವಾದ ಮುಗಿಯುವವರೆಗೆ, ಇಬ್ಬರ ಕೋರಿಕೆಯ ಮೇರೆಗೂ, ಏಣಿ ಹಿಡಿದು ನಿಂತವನು ನಾನೇ. ಏಣಿಯ ಮೇಲೆ ಇತ್ಯರ್ಥವಾಗದ್ದು ಲಕೋಟೆಯಲ್ಲಿ ನನ್ನ ಮನೆಗೆ ಬಂದಿರುತ್ತದೆ.

೬. ಅಂಶ ೩ರಲ್ಲಿ ಅರ್ಧಕ್ಕೆ ನಿಂತ ಪ್ರಶ್ನೆಯನ್ನು, ಕಡತ ಅಪೂರ್ಣವಾಗಬಾರದೆಂಬ ಕಾರಣದಿಂದ, ಮರುವಾರ ಅದೇ ಮೇಜಿನಲ್ಲಿ ಪೂರ್ತಿ ಕೇಳಿದೆ. ಮ್ಯೂರಿಯೆಲ್ ಒಂದು ಚಿಪ್ ಮುಗಿಸುವವರೆಗೆ ಯೋಚಿಸಿದರು.

‘ಇನ್ಮೇಲೆ ನಂಗೆ ಟೋಪಿ ಹಾಕಲ್ಲ ಅಂದ್ರೆ, ಆಗ್ಲಿ.’

ಮದುವೆ ಜೂನ್ ತಿಂಗಳಲ್ಲಿ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ:

(ಅ) ಸದರಿ ವಸ್ತುವನ್ನು ನಾನು ಸ್ವಸಂತೋಷದಿಂದ ಕಡಲಕ್ಕಿಗೆ ದಾನ ಮಾಡಿರುವುದಾಗಿ ಪರಿಗಣಿಸಿ, ಮೊದಲನೆಯ ನೋಟಿಸನ್ನು ಹಿಂಪಡೆಯಬೇಕು. ಮರಿಗಳು ಹಾರಿಹೋದ ಮೇಲೂ ಅದನ್ನು ನನಗೆ ಹಿಂದಿರುಗಿಸಬಾರದು.

(ಆ) ತಾವು ಹಿರಿಯರಿಗೆ ನೀಡುವ ದೋಣಿ ಪಾಸಿನಲ್ಲಿ ನನ್ನ ಹಳೆಯ ಭಾವಚಿತ್ರವಿದ್ದು, ಮೊನ್ನೆ ತಪಾಸಣೆಯವರು ‘ಅಜ್ಜಾ, ಇದು ನಿಮ್ ಮಗನ ಪಾಸು’ ಎಂದು ನನ್ನನ್ನೂ ಮ್ಯೂರಿಯೆಲ್ ಅವರನ್ನೂ ದೋಣಿಯಿಂದ ಇಳಿಸಿರುವ ಕಾರಣ, ಹೊಸ ಪಾಸು ದಯಪಾಲಿಸಬೇಕು.

ಬರಿದಲೆಯ ತಮ್ಮ ವಿಶ್ವಾಸಿ,
ಹೆಡ್ಲಿ ಗಾರ್ಸೈಡ್

ಲಗತ್ತುಗಳು:
೧. ಪರಸ್ಪರ ಒಪ್ಪದ ನೋಟಿಸುಗಳು.
೨. ಅರ್ಜಿದಾರನ ಹೊಸ ಭಾವಚಿತ್ರ. (ತೆಗೆದವರು: ಮ್ಯೂರಿಯೆಲ್ ಲಂಬ್.)

ವಿಶೇಷ ಕೋರಿಕೆ: ಪಾಸಿನ ಭಾವಚಿತ್ರದಲ್ಲಿ ಅರ್ಜಿದಾರನು ನಗತಕ್ಕದ್ದಲ್ಲವೆಂಬ ನಿಯಮವನ್ನು ಓದಿಕೊಂಡಿದ್ದೇನೆ. ಹಲವು ಸಲ ತೆಗೆಸಿ ನೋಡಿದರೂ ಮುಖವು ನಿಯಮಕ್ಕೆ ಒಳಪಡುತ್ತಿಲ್ಲ. ಇದ್ದುದರಲ್ಲಿ ಕಡಿಮೆ ನಗುವಿನದನ್ನು ಲಗತ್ತಿಸಿದ್ದೇನೆ, ಸ್ವೀಕರಿಸಬೇಕು.