ರೊಟ್ಟಿ ಬಡಿಯುವಾಗಿನ ಪಾಠ

ಮಗುವಿಗೆ ಓದು ಕಲಿಸುವ ಮನೆಯಲ್ಲಿ ಪುಸ್ತಕ ತೆರೆದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ನಮ್ಮ ಮನೆ ಶಹಾಪುರದಲ್ಲಿ, ನನ್ನ ನೌಕರಿ ಸುರಪುರದ ಕಚೇರಿಯಲ್ಲಿ. ಎರಡನೇ ಕ್ಲಾಸಿನ ಮಗಳಿಗೆ ಅಕ್ಷರ ಗೊತ್ತು, ಕೂಡಿಸಿ ಓದಲು ಬಾರದು. ಬರುವ ಶನಿವಾರ ಪಾಲಕರ ಮುಂದೆ ಎಲ್ಲ ಮಕ್ಕಳೂ ಓದಬೇಕು ಎಂದು ಟೀಚರ್ ಹೇಳಿ ಕಳಿಸಿದ್ದರಿಂದ ನನ್ನ ಜೀವ ಕೈಯಲ್ಲಿತ್ತು.

೧

ಮೊದಲು ನಾನೇ ಕಲಿಸಲು ಕೂತೆ. ಅವಳು ಪುಸ್ತಕ ಬಿಟ್ಟು ನನ್ನ ತುಟಿಯನ್ನೇ ನೋಡುತ್ತ, ಅದು ಅಲ್ಲಾಡಿದಂತೆ ಓದುತ್ತಿದ್ದಳು.

"ನನ್ನ ಮಾರಿ ಯಾಕ ನೋಡ್ತಿ? ಪುಸ್ತಕ ನೋಡು," ಎಂದು ಗದರಿದೆ.

"ಪುಸ್ತಕ ಬಾಯಿನ ತಗ್ಯಂಗಿಲ್ಲವ್ವ," ಎಂದಳು.

೨

ನಾನು ಬರುವುದು ಸಂಜೆ ಬಸ್ಸಿಗೆ. ಹಾಗಾಗಿ ಕೆಲಸವನ್ನು ಅತ್ತೆಗೆ ವಹಿಸಿದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಓದುವ ಕಾಗದ ಬಂದಾಗಲೆಲ್ಲ "ಚಷ್ಮಾ ಎಲ್ಲಿಟ್ಟೀನೋ" ಎನ್ನುತ್ತಾರೆ. ಮೊಮ್ಮಗಳಿಗೆ ಈ ಗುಟ್ಟು ತಿಳಿಯಬಾರದೆಂದು ಅವರಿಗೆ ಬಹಳ ಆಸೆ, ನನಗೂ.

ಅವರು ತಮ್ಮದೇ ಪದ್ಧತಿ ಮಾಡಿದರು. ತಾವು ರೊಟ್ಟಿ ಬಡಿಯಬೇಕು, ಮೊಮ್ಮಗಳು ಪಕ್ಕದಲ್ಲಿ ಕೂತು ಓದಬೇಕು. "ನನ್ನ ಕೈ ನಿಂತ್ರ ನೀ ತಪ್ಪಿದಿ ಅಂತ ತಿಳಿ."

ನಾಲ್ಕೇ ದಿನದಲ್ಲಿ ಕೈ ನಿಲ್ಲುವುದನ್ನೇ ಬಿಟ್ಟಿತು. ಹಿಗ್ಗಿ ಬಗ್ಗಿ ನೋಡಿದರೆ, ಮಗಳು ಮೊದಲ ಪುಟ ಬಿಟ್ಟು ಮುಂದೆ ಹೋಗಿಯೇ ಇಲ್ಲ, ದಿನವೂ ಅದೇ ಪುಟದ ಆನೆಯ ಪಾಠ.

ಅತ್ತೆ ಕೇಳಿದರು, "ಹೆಂಗ ಓದತಾಳ?"

"ನೀವು ಕಲಿಸಿದಂಗs ಓದತಾಳ್ರಿ ಅತ್ತಿ," ಎಂದೆ. ಬೇರೇನು ಹೇಳಲಿ?

೩

ಶನಿವಾರ ಅತ್ತೆಯೂ ಜೊತೆಗೆ ಬಂದರು. ಟೀಚರ್ ನೇರ ಬಾವಿಯ ಪಾಠ ತೆಗೆದುಕೊಟ್ಟರು. ಮಗಳು ನನ್ನ ಮುಖ ನೋಡಿದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆಗ ನನ್ನ ಪಕ್ಕದಲ್ಲಿ ಪಟ ಪಟ ಸದ್ದು. ಅತ್ತೆ ತೊಡೆಯ ಮೇಲೆ ರೊಟ್ಟಿ ಬಡಿಯುತ್ತಿದ್ದರು.

ಮಗಳು ಪುಸ್ತಕದ ಮೇಲೆ ಬೆರಳಿಟ್ಟಳು. "ಬಾ... ವಿ. ಬಾವಿಯಲ್ಲಿ ನೀ... ರು ಇದೆ." ಬೆರಳು ನಿಂತಲ್ಲಿ ಅತ್ತೆಯ ಕೈಯೂ ನಿಂತು ಕಾದಿತು. ಹೀಗೆ ಇಡೀ ಪುಟ ಮುಗಿಯಿತು. ನನಗೆ ಅಳು ಬಂತು.

"ಮನ್ಯಾಗ ಚಂದ ಕಲಿಸ್ಯಾರ. ಯಾರು, ನಿಮ್ಮ ಆಯಿನಾ?" ಎಂದರು ಟೀಚರ್, ಅತ್ತೆಯ ಕಡೆ ನೋಡಿ.

"ಇಲ್ರಿ. ಆಯಿಗಿ ಓದಾಕ ಬರಂಗಿಲ್ಲ," ಎಂದಳು ಮಗಳು. "ನಾನs ಕಲಿಸಾಕತ್ತೀನಿ. ಆಕಿ ಇನ್ನ ಮೊದಲ್ನೇ ಪುಟದಾಗ ಅದಾಳ, ಅದಕ್ಕ ದಿನಾ ಅದನ್ನs ಓದತೀನಿ."

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ನೀವರ ಈಕಿಗಿ ಹೇಳ್ರಿ ಟೀಚರ್," ಎಂದರು. "ಆ ಆನಿ ನನಗ ಬಾಯಿಪಾಠ ಆಗ್ಯಾದ. ಮುಂದಿನ ಪುಟಾನ ತಗೀವಲ್ಲಳ್ರಿ."